ಬಂದು ಬಿಡಿಸು

ಅಳಿಯನ ಕಾರಿಗೆ ಎರಡು ಬ್ರೇಕು. ಒಂದು ಓಡಿಸುವವನ ಕಾಲಡಿಯಲ್ಲಿ, ಇನ್ನೊಂದು ಪಕ್ಕದ ಸೀಟಿನವರ ಕಾಲಡಿಯಲ್ಲಿ. ಡ್ರೈವಿಂಗ್ ಕಲಿಸುವ ಕಾರು ಅದು. ಕಲಿಯುವವರು ಗಾಬರಿಬಿದ್ದರೆ ಪಕ್ಕದಲ್ಲಿ ಕೂತ ಮೇಷ್ಟ್ರು ತಡೆಯಲಿ ಅಂತ ಮಾಡಿಟ್ಟದ್ದು. ಇವತ್ತು ಮೇಷ್ಟ್ರೇ ಸ್ಟೀರಿಂಗ್ ಹಿಡಿದಿದ್ದ, ಗಾಬರಿಬಿದ್ದವಳು ಅತ್ತೆ. ಗುಡ್ಡ ಇಳಿಯುವ ದಾರಿಯಲ್ಲಿ ತಿರುವು ಬಂದಾಗಲೆಲ್ಲ ಆಕೆಯ ಬಲಗಾಲು ತನ್ನಷ್ಟಕ್ಕೆ ಒತ್ತಿಬಿಡುತ್ತಿತ್ತು. ಕಾರು ಮುಗ್ಗರಿಸಿದ ಹಾಗೆ ನಿಲ್ಲುತ್ತಿತ್ತು.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಕಾಲನ್ನ ಸ್ವಲ್ಪ ಹಿಂದಕ್ಕೆ ಇಟ್ಕೊಳ್ಳಿ."

"ನೀನು ನಿಧಾನಕ್ಕೆ ಹೋಗಪ್ಪ. ನಾನ್ಯಾಕೆ ಒತ್ತಲಿ?"

"ಇದಕ್ಕಿಂತ ನಿಧಾನ ಅಂದ್ರೆ ಇಳಿದು ತಳ್ಕೊಂಡು ಹೋಗ್ಬೇಕು."

"ಹಾಗಾದ್ರೆ ಬೇಗ ಹೋಗು. ಅಲ್ಲಿ ಅವಳು ಏನು ಪಾಡು ಪಡ್ತಿದಾಳೋ."

"ನಿಧಾನಾನೋ ಬೇಗಾನೋ, ಯಾವುದಾದ್ರೂ ಒಂದು ಹೇಳಿ ಅತ್ತೆ. ನನ್ನ ಸ್ಕೂಲಲ್ಲಾದ್ರೆ ನಿಮ್ಮನ್ನ ಫೇಲ್ ಮಾಡ್ತಿದ್ದೆ."

ಆಕೆ ನಗಲಿಲ್ಲ. ಅಳಿಯ ಒಳ್ಳೆಯವನು, ಬೆಳಗಿನ ಪಾಠಗಳನ್ನೆಲ್ಲ ಬಿಟ್ಟು, ಯಾಕೆ ಏನು ಎಂದು ಕೇಳದೆ ಹೊರಟು ಬಂದವನು. ಆದರೆ ಆಕೆಯ ಮನಸ್ಸೆಲ್ಲ ತಂಗಿಯ ಮನೆಯಲ್ಲಿತ್ತು.

ಬೀದಿಯವರೆಲ್ಲ ಆಕೆಯನ್ನು ಲೈನಮ್ಮ ಎಂದೇ ಕರೆಯುವುದು. ಕೆಲಸದಲ್ಲಿದ್ದಷ್ಟು ಕಾಲ ಆಕೆ ನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಜನರಿಗೆ ಲೈನ್ ಕೊಟ್ಟವಳು. ಆಗೆಲ್ಲ ದೂರದ ಕರೆಗಳು ಬಾಣಲೆಯಲ್ಲಿ ಏನೋ ಕರಿದ ಹಾಗೆ ಸದ್ದು ಮಾಡುತ್ತಿದ್ದವು. ಆ ಸದ್ದಿನ ನಡುವಿನಿಂದ ಮಾತನ್ನು ಹೆಕ್ಕಿ ತೆಗೆಯುವುದರಲ್ಲಿ ಲೈನಮ್ಮನ ಕಿವಿಗೆ ಸರಿಸಾಟಿಯಿರಲಿಲ್ಲ. ಬೇರೆ ಹುಡುಗಿಯರು "ಕೇಳಿಸ್ತಿಲ್ಲ" ಎಂದು ಕೈಚೆಲ್ಲಿದ ಕರೆಗಳನ್ನು ಮೇಲ್ವಿಚಾರಕರು ಆಕೆಗೇ ದಾಟಿಸುತ್ತಿದ್ದರು. ಕಣ್ಣು ಕೈಕೊಟ್ಟರೂ ಸೊಂಟ ಕೈಕೊಟ್ಟರೂ ಕಿವಿಯೊಂದು ತನಗೆ ಮೋಸ ಮಾಡುವುದಿಲ್ಲ ಎಂಬುದು ಆಕೆಯ ಹೆಮ್ಮೆ.

ಹಾಗಾಗಿ ನಿನ್ನೆ ಸಂಜೆ ಫೋನಿನಲ್ಲಿ ತಂಗಿ ಗುಬ್ಬಿ ಏನು ಹೇಳಿದಳು ಎನ್ನುವುದರಲ್ಲಿ ಲೈನಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗುಬ್ಬಿ ಪಿಸುದನಿಯಲ್ಲಿ ಹೇಳಿದ್ದು ಇಷ್ಟು: "ಅಕ್ಕಾ, ಇನ್ನು ನನ್ನ ಕೈಲಿ ಆಗಲ್ಲ ಕಣೇ. ಇಲ್ಲಿ ಯಾರಿಗೂ ಹೇಳ್ಬೇಡ. ನೀನು ಬಂದು ಬಿಡಿಸು." ಹಿಂದೆಯೇ ಬಾಗಿಲು ತೆರೆದ ಸದ್ದು. ಫೋನು ಇಟ್ಟ ಸದ್ದು.

ಲೈನಮ್ಮ ತಿರುಗಿ ಫೋನು ಮಾಡಿದಾಗ ಎತ್ತಿದವನು ಗುಬ್ಬಿಯ ಮೈದುನ. "ಅತ್ತಿಗೆ ಮಲಗೋಕೆ ಹೋದ್ರು ದೊಡ್ಡಕ್ಕ. ಏನಿಲ್ಲ ಬಿಡಿ, ನಾಳೆ ಮಾತಾಡ್ತಾರೆ," ಎಂದ. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ಅಷ್ಟು ಬೇಗ ಮಲಗುವುದು ಯಾರು?

ಗುಬ್ಬಿಯ ಗಂಡ ತೀರಿಕೊಂಡ ಮೇಲೆ ಇದು ಎರಡನೆಯ ವಸಂತ. ಮಕ್ಕಳಿಲ್ಲ. ತೋಟ ಅಣ್ಣತಮ್ಮ ಇಬ್ಬರದೂ ಆಗಿದ್ದದ್ದು, ಈಗ ತಮ್ಮನೇ ನೋಡಿಕೊಳ್ಳುತ್ತಾನೆ. ಆಗಲೇ ಲೈನಮ್ಮ ಕರೆದಿದ್ದಳು, ನನ್ನ ಜೊತೆ ಬಂದುಬಿಡು, ಇಬ್ಬರೂ ಒಟ್ಟಿಗಿರೋಣ ಎಂದು. "ಮರ ಹೂ ಬಿಡೋ ಹೊತ್ತಿಗೆ ನಾನು ಇಲ್ಲಿರ್ಬೇಕು ಅಕ್ಕ," ಎಂದು ಅವಳು ತಲೆಯಾಡಿಸಿದ್ದಳು. ಆಗ ಇನ್ನಷ್ಟು ಒತ್ತಾಯ ಮಾಡಬೇಕಿತ್ತು. ಸಿಕ್ಕಿಬಿದ್ದವರನ್ನು ತಾನೇ ಬಿಡಿಸುವುದು? ಎಷ್ಟು ಸಿಕ್ಕಿಬಿದ್ದಿದ್ದರೆ ಆ ಸ್ವಾಭಿಮಾನಿ ಬಾಯಿಬಿಟ್ಟು ಬಿಡಿಸು ಎನ್ನುತ್ತಾಳೆ?

ಕೊನೆಯ ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲ್ ಹಾಕುವ ಹೆಂಗಸು ಕಾರಿನ ತಲೆಯ ಮೇಲಿನ 'ಎಲ್' ಬೋರ್ಡನ್ನೂ ಲೈನಮ್ಮನ ಬಿಳಿಕೂದಲನ್ನೂ ನೋಡಿ, "ಕಲೀತಿದೀರಾ ಅಮ್ಮ? ಕಲೀರಿ, ಕಲೀರಿ. ಯಾವ ವಯಸ್ಸಾದ್ರೇನು," ಎಂದಳು. ಆಮೇಲೆ ಮುಂದಿನ ಗಾಜು ಒರೆಸಿ, ಯಾರೂ ಕೇಳದಿದ್ದರೂ ಬಂದು ಲೈನಮ್ಮನ ಪಕ್ಕದ ಗಾಜನ್ನೂ ಒದ್ದೆ ಬಟ್ಟೆ, ಒಣ ಬಟ್ಟೆ ಎರಡರಲ್ಲೂ ಒರೆಸಿದಳು. "ಕೆರೆ ಈ ಕಡೆಯಿಂದಾನೇ ಕಾಣೋದು. ಸರಿಯಾದ ಹೊತ್ತಿಗೆ ಹೊರಟಿದೀರಿ. ಅಲ್ಲಿ ಈಗ ಎಷ್ಟು ಕೈ ಇದ್ರೂ ಸಾಲ್ತಿಲ್ಲವಂತೆ."

ಎಷ್ಟು ಕೈ ಇದ್ದರೂ ಸಾಲುತ್ತಿಲ್ಲ. ಅಂದರೆ ಇರುವ ಕೈಗಳನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದಾರೆ ಎಂದು ಲೈನಮ್ಮ ಅರ್ಥ ಮಾಡಿಕೊಂಡಳು.

ಮುಂದಿನ ತಿರುವಿನಲ್ಲಿ ಸರೋವರ ಕಾಣಿಸಿತು. ಮೂರು ಕಡೆ ಗುಡ್ಡ, ನಡುವೆ ನೀಲಿ ನೀರು, ನೀರಿನ ಅಂಚಿನಿಂದ ಗುಡ್ಡದ ಸೊಂಟದವರೆಗೂ ಸೇಬಿನ ತೋಟಗಳು. ಒಂದೊಂದು ಮರವೂ ಮೈತುಂಬ ಹೂ ಬಿಟ್ಟಿತ್ತು. ಅಳಿಯ ಬಾಯಿ ತೆರೆದು ನೋಡುತ್ತ ವೇಗ ತಗ್ಗಿಸಿದ. ಒರೆಸಿದ ಗಾಜಿನಿಂದ ಎಲ್ಲವೂ ಚೊಕ್ಕವಾಗಿ ಕಾಣುತ್ತಿತ್ತು. ಇಷ್ಟು ಚೆಂದದ ಜಾಗದಲ್ಲಿ ಕೂಗಿದರೂ ಯಾರಿಗೆ ಕೇಳಿಸೀತು ಎಂದು ಲೈನಮ್ಮನ ಮನಸ್ಸಿಗೆ ಬಂತು. ಆ ಬಿಳುಪು ನೋಡಲು ಮನಸ್ಸಾಗಲಿಲ್ಲ.

ಊರು ಎಂದರೆ ನೀರಿನ ಪಕ್ಕ ಉದ್ದಕ್ಕೆ ಒಂದೇ ರಸ್ತೆ. ಹಣ್ಣು ತುಂಬುವ ಶೆಡ್ಡುಗಳು ಮುಚ್ಚಿದ್ದವು. ಗೋಡೆಗೊರಗಿಸಿ ಖಾಲಿ ಮರದ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಇದ್ದ ಒಂದೇ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: 'ತೋಟದಲ್ಲಿದ್ದೇನೆ. ಕೂಗಿ.' ಲೈನಮ್ಮ ದಾರಿ ಹೇಳುವ ಮೊದಲೇ ಅಳಿಯ ಇಳಿದು ಕೂಗಿದ. ಎಲ್ಲೋ ಮರದ ಮೇಲಿನಿಂದ ಒಂದು ದನಿ, "ನೀರಿನ ಕಡೆ ಕೊನೇ ಮನೆ ಕಣಪ್ಪ! ಕಾರು ಮೆಲ್ಲಗೆ ಬಿಡು, ಜೇನುಪೆಟ್ಟಿಗೆ ಇದಾವೆ!" ಎಂದಿತು. ಯಾರ ಮನೆ ಎಂದು ಇವನು ಹೇಳಿ ಮುಗಿಸಿಯೂ ಇರಲಿಲ್ಲ.

ಬಾಗಿಲು ತೆರೆದವಳು ಗುಬ್ಬಿಯ ಓರಗಿತ್ತಿ, ಮೈದುನನ ಹೆಂಡತಿ. ತೋಳು ಮಡಿಸಿದ ಸ್ವೆಟರು, ಬೆರಳ ತುದಿಗಳಿಗೆಲ್ಲ ಹಳದಿ ಪುಡಿ ಅಂಟಿತ್ತು.

"ಅಯ್ಯೋ ದೊಡ್ಡಕ್ಕ! ಬರ್ತೀನಿ ಅಂತ ಒಂದು ಫೋನ್ ಮಾಡ್ಬಾರ್ದಾ?"

"ಮಾಡಿದ್ದೆ. ಎತ್ತಿದೋರು ಬೇರೆ," ಎಂದಳು ಲೈನಮ್ಮ.

ಓರಗಿತ್ತಿಗೆ ಆ ಮಾತಿನ ಮೊನೆ ತಾಗಿತೋ ಇಲ್ಲವೋ. ಒಳಗೆ ಕರೆದು ಕೂರಿಸಿ ಚಹಾಕ್ಕೆ ನೀರಿಟ್ಟಳು. ಹಿತ್ತಿಲ ಬಾಗಿಲಿನಿಂದ ಗುಬ್ಬಿ ಬಂದಳು. ಬಡಕಲಾಗಿದ್ದಳು, ಹಣೆಯ ಮೇಲೆ ಹಸಿರುಗಟ್ಟಿದ ಗಾಯ. "ಅಕ್ಕಾ, ಇವತ್ತೇ ಬಂದ್ಯಾ?" ಎಂದು ಓಡಿಬಂದು ಕೈ ಹಿಡಿದಳು. ಹಿಡಿತ ಗಟ್ಟಿಯಾಗಿತ್ತು. ಆದರೆ ಮುಖಕ್ಕೆ ಮುಖ ಕೊಟ್ಟು ನೋಡಲಿಲ್ಲ. ಕಣ್ಣು ಅಕ್ಕನ ಕಿವಿಯ ಕಡೆ, ಭುಜದ ಕಡೆ ಜಾರುತ್ತಿತ್ತು. ಹೆದರಿದವರು ಹೀಗೇ ನೋಡುವುದು ಎಂದುಕೊಂಡಳು ಲೈನಮ್ಮ.

"ಹಣೆಗೇನಾಯ್ತು?"

"ಏಣಿ ತಾಗಿತು," ಎಂದಳು ಓರಗಿತ್ತಿ, ಗುಬ್ಬಿ ಬಾಯಿ ತೆರೆಯುವ ಮೊದಲೇ.

"ಹೂಂ, ಏಣಿ," ಎಂದಳು ಗುಬ್ಬಿ.

ಅವಳ ಕೋಣೆ ಈಗ ಮಹಡಿಯ ಮೇಲಿರಲಿಲ್ಲ. ಕೆಳಗೆ, ಹಿತ್ತಿಲಿಗೆ ಅಂಟಿಕೊಂಡ ಕೋಣೆ. ಗೋಡೆಗಳಿಗೆ ಹಳೆಯ ಸೇಬಿನ ಕಮಟು ವಾಸನೆ. ಕಿರಿದಾದ ಮಂಚ, ಮೊಳೆಗೆ ತೂಗುಹಾಕಿದ ಗಂಡನ ಟೊಪ್ಪಿ, ಗೋಡೆಗೊತ್ತಿದ ಮೇಜು. ನೆಲದ ಮೇಲೆ ಒಂದು ಚಾಪೆಯೂ ಇಲ್ಲ, ಕಾಲೊರೆಸುವ ಬಟ್ಟೆಯೂ ಇಲ್ಲ, ಬರೀ ಹಲಗೆ. ಲೈನಮ್ಮ ಬಾಗಿಲನ್ನು ತಿರುಗಿ ನೋಡಿದಳು. ಚಿಲಕ ಹೊರಗಡೆ ಇತ್ತು. ಕಿಟಕಿಯಿಂದ ನೋಡಿದರೆ ಹಿತ್ತಿಲ ಬಾಗಿಲ ಕಂಬದಿಂದ ತೋಟದ ಮೊದಲ ಮರದವರೆಗೆ ಒಂದು ಹಗ್ಗ ಬಿಗಿದಿದ್ದರು. ಸೊಂಟದ ಎತ್ತರಕ್ಕೆ. ಬಟ್ಟೆಗಾದರೆ ಅಷ್ಟು ಕೆಳಗೆ ಯಾರು ಕಟ್ಟುತ್ತಾರೆ? ಅದರ ಮೇಲೆ ಬಟ್ಟೆಯೂ ಇರಲಿಲ್ಲ, ಎರಡೋ ಮೂರೋ ಕ್ಲಿಪ್ಪುಗಳಿದ್ದವು ಅಷ್ಟೆ. ಕರುವನ್ನು ಕಟ್ಟುವ ಎತ್ತರ ಅದು. ಲೈನಮ್ಮ ಕಿಟಕಿಯಿಂದ ತಂಗಿಯ ಕಡೆ ತಿರುಗಿದಳು.

"ಗುಬ್ಬಿ, ಈಗ ಹೇಳು. ಏನು ಮಾಡ್ತಿದಾರೆ ನಿನ್ನನ್ನ?"

"ಷ್! ಈಗ ಬೇಡ. ನಾಳೆ ಬೆಳಿಗ್ಗೆ ತೋಟದಲ್ಲಿ, ನಾವಿಬ್ಬರೇ ಇದ್ದಾಗ." ಆಮೇಲೆ ತಡೆಯಲಾರದೆ ಕಣ್ಣು ತುಂಬಿಕೊಂಡಳು. "ನನ್ನನ್ನ ಕೆರೆ ಸಾಲಿಗೆ ಹಾಕಿಬಿಟ್ಟಿದಾರೆ ಕಣೇ."

ಕೆರೆ ಸಾಲು ಎಂದರೆ ಏನೋ ಎಂತೋ, ಲೈನಮ್ಮನಿಗೆ ತಿಳಿಯದು. ಆದರೆ ಹಾಕಿಬಿಟ್ಟಿದ್ದಾರೆ ಎಂಬ ಮಾತು ಎದೆಗೆ ನಾಟಿತು. ಅಷ್ಟರಲ್ಲಿ ಓರಗಿತ್ತಿ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದಳು.

ಮೈದುನ ತೋಟದಿಂದ ಬಂದ. ದೊಡ್ಡ ಆಳು, ದೊಡ್ಡ ದನಿ, ಟೊಪ್ಪಿಯ ಮೇಲೆ ಹೂವಿನ ಎಸಳು. "ಓಹೋ ದೊಡ್ಡಕ್ಕ, ಇದೇನು ಹೇಳದೆ ಕೇಳದೆ! ಬಾಗಿಲಲ್ಲಿ ಎಲ್ ಬೋರ್ಡ್ ನೋಡಿ ಯಾರೋ ದಾರಿ ತಪ್ಪಿಸ್ಕೊಂಡಿದಾರೆ ಅಂದ್ಕೊಂಡೆ," ಎಂದು ನಕ್ಕ. ಅಳಿಯನೂ ನಕ್ಕ. ಗಂಡಸರಿಬ್ಬರೂ ಹಳೇ ಗೆಳೆಯರ ಹಾಗೆ ರಸ್ತೆ, ಟೈರು, ಇಳಿಜಾರು ಎಂದು ಮಾತಿಗೆ ಬಿದ್ದರು. ಓರಗಿತ್ತಿ ನೀರಿನ ಲೋಟವನ್ನು ಎಲ್ಲರ ಮುಂದೆ ಇಟ್ಟಳು, ಗುಬ್ಬಿಯದನ್ನು ಮಾತ್ರ ಕೈಗೇ ಕೊಟ್ಟಳು. ಲೈನಮ್ಮ ಅದನ್ನು ಕಂಡಳು. ಏನೆಂದು ತಿಳಿಯದೆ, ಮಗುವಿನ ಹಾಗೆ ನಡೆಸಿಕೊಳ್ಳುತ್ತಿದ್ದಾರೆ ಎಂದು ಅದನ್ನೂ ಲೆಕ್ಕಕ್ಕೆ ಸೇರಿಸಿದಳು.

"ಬೇಗ ಬೇಗ ಊಟ ಮುಗಿಸಿ," ಎಂದ ಮೈದುನ. "ಗಾಳಿ ಎದ್ರೆ ಕೆಲಸ ಕೆಡುತ್ತೆ. ಅತ್ತಿಗೆ, ನೀವೇನು ಇನ್ನೂ ಆ ಒಂದೇ ಸಾಲಿನಲ್ಲಿದೀರಾ? ಹೋದ ವರ್ಷ ಇಷ್ಟು ಹೊತ್ತಿಗೆ ಅರ್ಧ ತೋಟ ನಿಮ್ಮ ಕೈಯಲ್ಲೇ ಮುಗಿದಿತ್ತು."

ತಮಾಷೆಯಾಗಿಯೇ ಅಂದದ್ದು. ಆದರೆ ಗುಬ್ಬಿಯ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ಲೈನಮ್ಮ ಆ ಕೈಯನ್ನು ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಹಸಿರು ಕರೆ, ಬೆರಳ ತುದಿ ಸೀಳಿತ್ತು.

"ಸಾಕು, ನಿಲ್ಲಿಸಿ," ಎಂದಳು.

ಎಲ್ಲರೂ ತಲೆಯೆತ್ತಿದರು.

"ನನ್ನ ತಂಗಿ ನಿಮ್ಮನೆ ಆಳಲ್ಲ. ಹಣೆ ಒಡೆದಿದೆ. ಹೊರಗಿನಿಂದ ಚಿಲಕ ಹಾಕೋ ಕೋಣೆ. ಬಾಗಿಲಿಗೆ ಹಗ್ಗ. ಕೇಳೋರಿಲ್ಲ ಅಂದ್ಕೊಂಡ್ರಾ? ನಿನ್ನೆ ಅವಳೇ ಫೋನ್ ಮಾಡಿ ಹೇಳಿದಾಳೆ. ಇನ್ನು ನನ್ನ ಕೈಲಿ ಆಗಲ್ಲ, ಯಾರಿಗೂ ಹೇಳ್ಬೇಡ, ಬಂದು ಬಿಡಿಸು ಅಂತ. ಬಂದಿದೀನಿ. ಕಾರು ಬಾಗಿಲಲ್ಲಿದೆ. ಕರ್ಕೊಂಡು ಹೋಗ್ತೀನಿ."

"ಅಕ್ಕಾ," ಎಂದಳು ಗುಬ್ಬಿ, ಕಾಲಡಿಯ ನೆಲ ಜಾರಿದವಳ ಹಾಗೆ.

"ಅದು ಬಟ್ಟೆ ಹಗ್ಗ," ಎಂದಳು ಓರಗಿತ್ತಿ ಥಟ್ಟನೆ. ಬೇರೆ ಯಾವುದಕ್ಕೂ ಉತ್ತರ ಕೊಡಲಿಲ್ಲ.

ಮೈದುನ ಕಣ್ಣು ಕಿರಿದು ಮಾಡಿ ಯೋಚಿಸುತ್ತಿದ್ದ. ಮೆಲ್ಲಗೆ ಅವನ ಮುಖ ಅರಳಿತು. "ಬಿಡಿಸು ಅಂದ್ರಾ? ಬಂದು ಬಿಡಿಸು ಅಂದ್ರಾ?" ಮೇಜು ಬಡಿದು ನಗತೊಡಗಿದ. "ದೊಡ್ಡಕ್ಕ, ಅವರು ಕರೆದಿದ್ದು ಹೂ ಬಿಡಿಸೋಕೆ! ಈ ಊರಲ್ಲಿ ಈಗ ನಾಯಿ ಬೆಕ್ಕು ಒಂದು ಬಿಟ್ಟು ಎಲ್ಲರೂ ಬಿಡಿಸೋರೇ. ಅಂಗಡಿಯವನೂ ಬಿಡಿಸ್ತಿದಾನೆ, ಪೋಸ್ಟಿನವಳೂ ಬಿಡಿಸ್ತಿದಾಳೆ. ನಾವು ಕಟ್ಟಿಹಾಕಿದೀವಿ ಅಂತ ಬಿಡಿಸ್ಕೊಂಡು ಹೋಗೋಕೆ ಬಂದ್ರಾ!"

ಅವನೇ ವಿವರಿಸಿದ. ಸೇಬು ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ಎಲ್ಲವನ್ನೂ ಕಾಯಿಯಾಗಲು ಬಿಟ್ಟರೆ ಒಂದೂ ನೆಟ್ಟಗೆ ಬೆಳೆಯುವುದಿಲ್ಲ. ಗೊಂಚಲಿನ ನಡುವೆ ಒಂದು ದೊಡ್ಡ ಹೂವಿರುತ್ತದೆ, ಮೊದಲು ಅರಳುವುದು ಅದೇ. ಅದಕ್ಕೆ ಇಲ್ಲಿಯವರು ಯಜಮಾನ ಎನ್ನುತ್ತಾರೆ. ಯಜಮಾನನನ್ನು ಮರದಲ್ಲೇ ಬಿಡಬೇಕು, ಸುತ್ತಲಿನವನ್ನು ಉಗುರಲ್ಲಿ ಚಿವುಟಿ ಬಿಡಿಸಬೇಕು. ಮಾಡಬೇಕಾದ್ದು ಅಷ್ಟೆ, ಆದರೆ ಹೂ ಇರುವಷ್ಟೇ ದಿನಗಳಲ್ಲಿ ಮಾಡಿ ಮುಗಿಸಬೇಕು.

ಅಳಿಯ ಉಸಿರು ಬಿಟ್ಟು ಜೋರಾಗಿ ನಕ್ಕ. "ಅತ್ತೆ, ರಾಂಗ್ ನಂಬರ್!"

ಲೈನಮ್ಮನಿಗೂ ನಗಬೇಕೆನಿಸಿತು, ನಾಚಿಕೆಯೂ ಆಯಿತು. ಕಿವಿ ಮೋಸ ಮಾಡಿರಲಿಲ್ಲ; ಕೇಳಿಸಿದ್ದು ಅಕ್ಷರಶಃ ಸರಿ. ಕೇಳಿದ ಮಾತನ್ನು ತಾನೇ ಒಯ್ದು ಎಕ್ಸ್‌ಚೇಂಜಿನ ತಂತಿಯ ಹಾಗೆ ಬೇರೆ ತೂತಿಗೆ ಸಿಕ್ಕಿಸಿದ್ದಳು. ಆದರೆ ಪಕ್ಕದಲ್ಲಿ ಕೂತ ಗುಬ್ಬಿ ನಗುತ್ತಿರಲಿಲ್ಲ. ತಲೆ ತಗ್ಗಿಸಿ, ಬರಲಿರುವ ಏಟಿಗೆ ಬೆನ್ನು ಕೊಟ್ಟವಳ ಹಾಗೆ ಕೂತಿದ್ದಳು. ಏಟು ಬಂದೇ ಬಂತು.

"ಆದ್ರೆ ಅತ್ತಿಗೆ," ಎಂದ ಮೈದುನ, ನಗು ಇಳಿಯುತ್ತ. "ನೀವ್ಯಾಕೆ ದೊಡ್ಡಕ್ಕನ್ನ ಕರೀಬೇಕು? ನಿಮ್ಮಷ್ಟು ಚೆನ್ನಾಗಿ ಬಿಡಿಸೋರು ಈ ಕೆರೆ ಸುತ್ತ ಯಾರಿದಾರೆ? ಕೈಲಿ ಆಗಲ್ಲ ಅಂದ್ರೆ ಏನು? ಯಾರಿಗೂ ಹೇಳ್ಬೇಡ ಅಂದ್ರೆ ಏನು?"

ಆಗ ಲೈನಮ್ಮನಿಗೆ ತಾನು ಮಾಡಿದ್ದೇನು ಎಂಬುದು ಪೂರ್ತಿಯಾಗಿ ತಿಳಿಯಿತು. ಬಿಡಿಸು ಎಂಬ ಮಾತಿಗೆ ಎರಡು ಅರ್ಥ ಇದ್ದೀತು. ಯಾರಿಗೂ ಹೇಳಬೇಡ ಎನ್ನುವುದಕ್ಕೆ ಇರುವುದು ಒಂದೇ ಅರ್ಥ. ಅದನ್ನೂ ಆಕೆ ಅಷ್ಟೇ ಸ್ಪಷ್ಟವಾಗಿ ಕೇಳಿಸಿಕೊಂಡಿದ್ದಳು.

"ಕಣ್ಣು ಕಾಣ್ತಿಲ್ಲ," ಎಂದಳು ಗುಬ್ಬಿ ಕೊನೆಗೆ. "ಸುತ್ತ ಎಲ್ಲ ಕಾಣುತ್ತೆ. ನಡುವೆ ಒಂದು ಮಸಿ ಕೂತುಬಿಟ್ಟಿದೆ. ಎತ್ತ ನೋಡಿದ್ರೂ ನಡುವಿನದೇ ಕಾಣಲ್ಲ. ಅಕ್ಕನ ಕಡೆ ನೋಡಿದ್ರೆ ಕೂದಲು ಇದೆ, ಕಿವಿ ಇದೆ, ಮುಖ ಇಲ್ಲ. ಗೊಂಚಲು ನೋಡಿದ್ರೆ ಯಜಮಾನನೇ ಇಲ್ಲ." ಒಂದು ಒಣ ನಗೆ ಬಂತು. "ಮನೆ ಯಜಮಾನ್ರು ಹೋದ್ರು, ಮರದ ಯಜಮಾನನೂ ಹೋದ. ಕೈಯಲ್ಲಿ ಮುಟ್ಟಿ ಮುಟ್ಟಿ ಮಾಡ್ದೆ. ಎಷ್ಟು ಸರಿ ಬಂತೋ, ಎಷ್ಟು ತಪ್ಪಾಯ್ತೋ."

ಮೈದುನ ಎದ್ದು ನಿಂತ. ಅರ್ಧ ತಟ್ಟೆ ಹಾಗೇ ಉಳಿದಿತ್ತು. ಲೈನಮ್ಮನ ಕಡೆ ತಿರುಗಿ, ಈಗ ಸಣ್ಣ ದನಿಯಲ್ಲಿ ಹೇಳಿದ: "ಆ ಚಿಲಕ ನಮ್ಮಪ್ಪನ ಕಾಲದ್ದು ದೊಡ್ಡಕ್ಕ. ಅದು ಹಣ್ಣು ಇಡೋ ಕೋಣೆ ಆಗಿತ್ತು. ಮೆಟ್ಟಿಲು ಹತ್ತೋದು ಅತ್ತಿಗೆಗೆ ಬೇಡ ಅಂತ ಇವಳು ಹಟ ಹಿಡಿದು ಸುಣ್ಣ ಹೊಡೆಸಿ ಕೊಟ್ಟಿದ್ದು. ಯಾಕೆ ಅಂತ ನನಗೆ ಈಗ ಗೊತ್ತಾಗ್ತಿದೆ. ಇರಲಿ. ನಮ್ಮನ್ನ ಅಂಥೋರು ಅಂದ್ಕೊಂಡ್ರಾ?"

ಉತ್ತರಕ್ಕೆ ಕಾಯದೆ ಹಿತ್ತಿಲ ಬಾಗಿಲಿನಿಂದ ಹೊರಟುಹೋದ. ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಹೋದರು.

ಮನೆಯ ಮೇಲುಗಡೆಯ ಸಾಲಿನಲ್ಲಿ, ಗುಬ್ಬಿ ಮೊದಲು ಕೈಹಾಕಿದ ಮರಗಳ ಕೆಳಗೆ ಅವನು ಒಂದೊಂದೇ ಕೊಂಬೆ ಬಗ್ಗಿಸಿ ನೋಡುತ್ತಿದ್ದ. ಗೊಂಚಲು ಗೊಂಚಲಿನಲ್ಲೂ ಯಜಮಾನನಿದ್ದ ಜಾಗದಲ್ಲಿ ಮುರಿದ ತೊಟ್ಟು. ಪಕ್ಕದ ಪುಟ್ಟ ಹೂವುಗಳು ಬದುಕಿಕೊಂಡು ನಗುತ್ತಿದ್ದವು. ಕೆಲವು ಗೊಂಚಲು ಸರಿಯಾಗಿಯೇ ಇದ್ದವು. ಬಹಳಷ್ಟು ಇರಲಿಲ್ಲ. ಈ ಸಲ ಆ ಸಾಲಿನ ಹಣ್ಣು ಮುಷ್ಟಿಯಷ್ಟೂ ಆಗುವುದಿಲ್ಲ ಎನ್ನುವುದು ಯಾರೂ ಹೇಳದೆಯೇ ಎಲ್ಲರಿಗೂ ತಿಳಿಯಿತು.

"ನಿನಗೆ ಗೊತ್ತಿತ್ತಾ?" ಎಂದ ಹೆಂಡತಿಗೆ.

"ಈ ಸಾಲು ಮುಗಿದ ಮೇಲೆ ನೋಡ್ದೆ. ಅದಕ್ಕೇ ಕೆಳಗೆ ಕೆರೆ ಸಾಲು ಕೊಟ್ಟೆ. ಆ ಹಳೇ ಮರದ ಹಣ್ಣೆಲ್ಲ ರಸಕ್ಕೆ ಹೋಗೋದು. ದೊಡ್ಡದಾದ್ರೇನು, ಚಿಕ್ಕದಾದ್ರೇನು."

"ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಹೀಗೆ ಬಂದು ಕೊಂಬೆ ಬಗ್ಗಿಸಿ ನೋಡ್ತಿದ್ರಿ. ಗುಬ್ಬಿ ಅಕ್ಕ ಅದನ್ನ ನೋಡ್ತಾ ನಿಲ್ಲಬೇಕಾಗ್ತಿತ್ತು."

ಗುಬ್ಬಿ ಮರದ ಬೊಡ್ಡೆಗೆ ಕೈಯಾನಿಸಿ ನಿಂತಿದ್ದಳು. "ನಾನು ನನ್ನನ್ನ ಮೂಲೆಗೆ ತಳ್ಳಿದೀರಿ ಅಂದ್ಕೊಂಡಿದ್ದೆ," ಎಂದಳು.

"ಕರ್ಕೊಂಡು ಹೋಗಿ ದೊಡ್ಡಕ್ಕ," ಎಂದ ಮೈದುನ, ಯಾರ ಮುಖವನ್ನೂ ನೋಡದೆ. "ನಿಮ್ಮ ಊರಲ್ಲಿ ಕಣ್ಣಿನ ಆಸ್ಪತ್ರೆ ಇದೆ. ಬಿಡಿಸ್ಕೊಂಡು ಹೋಗೋಕೆ ತಾನೇ ಬಂದಿದ್ದು."

ಬೆಳಿಗ್ಗೆಯಿಂದ ಲೈನಮ್ಮ ಬಯಸಿದ್ದು ಅದನ್ನೇ. ಈಗ ಅದು ಕೈಗೆ ಬಂದು ಬಿದ್ದಾಗ, ಎಲ್ಲಾದರೂ ಕೆಳಗಿಟ್ಟರೆ ಸಾಕು ಎನಿಸಿತು. ಏಕೆಂದರೆ ಆಕೆ ಗುಬ್ಬಿಯ ಮುಖ ನೋಡಿದ್ದಳು.

"ಈ ಮನೆಗೆ ಅವರ ಹೆಂಡತಿ ಅಂತ ಬಂದೆ," ಎಂದಳು ಗುಬ್ಬಿ. ಅಕ್ಕನಿಗೆ ಹೇಳಿದಳೋ ಮರಕ್ಕೋ. "ಅವರು ಹೋದ ಮೇಲೆ ಈ ಕೈಯಿಂದ ಉಳ್ಕೊಂಡೆ. ಕೈಯೂ ಇಲ್ಲ ಅಂದ್ರೆ ನಾನಿಲ್ಲಿ ಯಾರು? ಈಗ ಹೋದ್ರೆ ವಾಪಸ್ ಬಾ ಅಂತ ಯಾಕೆ ಕರೀಬೇಕು ಇವರು? ಹೂ ಮುಗಿಯೋವರೆಗೆ ಅಂತ ನಿನ್ನ ಕರೆದೆ. ಅಷ್ಟೇ ಕೇಳಿದ್ದು ನಾನು."

ಓರಗಿತ್ತಿ ಬಂದು ಗುಬ್ಬಿಯ ಪಕ್ಕ ನಿಂತಳು. ಮೈದುನ ಕೊಂಬೆಯನ್ನು ಮೆಲ್ಲಗೆ ಮೇಲಕ್ಕೆ ಬಿಟ್ಟ. ಎಸಳು ಉದುರಿದವು. ಅವನಿಗೆ ಏನೋ ಹೇಳುವುದಿತ್ತು. ಆದರೆ ಅರ್ಧ ಗಂಟೆಯ ಹಿಂದೆ ತನ್ನ ಮನೆಯಲ್ಲೇ ತನ್ನನ್ನು ಕಟುಕನೆಂದವಳು ಎದುರಿಗಿದ್ದಳು.

"ಇವತ್ತು ಹೋಗಲ್ಲ," ಎಂದಳು ಲೈನಮ್ಮ. "ಇವಳು ಬಂದು ಬಿಡಿಸು ಅಂತ ನನ್ನನ್ನ ಕರೆದಿದಾಳೆ. ಬಿಡಿಸೇ ಹೋಗೋದು. ಹೂ ಉದುರಿದ ಮೇಲೆ ಆಸ್ಪತ್ರೆ." ಆಮೇಲೆ ಮೈದುನನ ಕಡೆ ತಿರುಗಿ, "ನನ್ನದು ತಪ್ಪಾಯ್ತಪ್ಪ," ಎಂದಳು.

"ಹೂಂ," ಎಂದ ಅವನು. ಅದಕ್ಕಿಂತ ಹೆಚ್ಚಿಲ್ಲ.

ಅಳಿಯ ಅಂದೇ ಹಿಂದಿರುಗಬೇಕಿತ್ತು. ಕಾರಿನ ಬಾಗಿಲು ತೆರೆದು, "ಅತ್ತೆ, ನೀವಿಲ್ಲದೆ ತಿರುವಿನಲ್ಲಿ ನಿಲ್ಲಿಸೋರು ಯಾರು?" ಎಂದ. ನಗಿಸಲಿಕ್ಕೆ ಹೇಳಿದ್ದು, ಆದರೆ ಅವನ ದನಿಯೂ ಸಪ್ಪಗಿತ್ತು. ಮೈದುನ ಒಂದು ಪೆಟ್ಟಿಗೆ ಹಳೆಯ ಸೇಬು ತಂದು ಹಿಂದಿನ ಸೀಟಿನಲ್ಲಿಟ್ಟ. ಹೋಗುವ ಮೊದಲು ಕಾರಿನ ಬಾನೆಟ್ಟಿಗೆ ಹೇಳುವವನಂತೆ ಹೇಳಿದ: "ಅತ್ತಿಗೆಯನ್ನ ಕರ್ಕೊಂಡು ಹೋಗೋಕೆ ಬರ್ತೀರಲ್ಲ, ಕೊಯ್ಲಿಗೆ ಮುಂಚೆ ಇದೇ ಕಾರಲ್ಲಿ ವಾಪಸ್ ತಂದುಬಿಡಿ." ಗುಬ್ಬಿ ಅಲ್ಲಿರಲಿಲ್ಲ. ಅದನ್ನು ಅವಳ ಮುಂದೆ ಹೇಳಬಾರದಿತ್ತೇ ಎಂದು ಲೈನಮ್ಮನಿಗೆ ಅನಿಸಿತು. ಹೇಳುವ ಹಕ್ಕು ಮಾತ್ರ ಇವತ್ತು ತನಗಿರಲಿಲ್ಲ.

ಗುಬ್ಬಿ ಆಗಲೇ ತೋಟಕ್ಕೆ ಇಳಿದಿದ್ದಳು. ಲೈನಮ್ಮ ಹಿತ್ತಿಲ ಬಾಗಿಲಿಗೆ ಬಂದಾಗ ಓರಗಿತ್ತಿ ಅಲ್ಲಿ ಹಗ್ಗದ ಗಂಟು ಬಿಗಿಮಾಡುತ್ತಿದ್ದಳು.

"ಬಟ್ಟೆ ಹಗ್ಗ ಇಷ್ಟು ಕೆಳಗಾ?" ಎಂದಳು ಲೈನಮ್ಮ. ಈ ಸಲ ಮೆಲ್ಲಗೆ.

ಓರಗಿತ್ತಿ ತೋಟದ ಕಡೆ ಒಮ್ಮೆ ನೋಡಿದಳು. "ಅಲ್ಲಿ ಕಾಲುವೆ ಕಲ್ಲು ಇದೆ. ಎರಡು ಸಲ ಎಡವಿದ್ರು. ಕೋಲು ಕೊಟ್ರೆ ಎಸೀತಿದ್ರು, ಕೈ ಹಿಡಿದ್ರೆ ಬೈತಿದ್ರು. ಬಟ್ಟೆ ಹಗ್ಗ ಅಂದ್ರೆ ಯಾರೂ ಏನೂ ಅನ್ನಲ್ಲ." ಕ್ಲಿಪ್ಪೊಂದನ್ನು ಸರಿಸಿ ನೆಟ್ಟಗೆ ಮಾಡಿದಳು. "ಅಕ್ಕನಿಗೆ ಹೇಳ್ಬೇಡಿ ದೊಡ್ಡಕ್ಕ."

ಲೈನಮ್ಮನಿಗೆ ಬರೀ ಹಲಗೆಯ ನೆಲ ನೆನಪಾಯಿತು, ಕಾಲಿಗೆ ತೊಡರುವ ಒಂದು ಚಾಪೆಯೂ ಇಲ್ಲದ ನೆಲ. ಕೈಗೇ ಕೊಟ್ಟ ಲೋಟ ನೆನಪಾಯಿತು. ಓರಗಿತ್ತಿಯ ಹಳದಿ ಪುಡಿ ಹತ್ತಿದ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು.

ಕೆರೆ ಸಾಲಿನ ಮರಗಳು ಗೂನುಬೆನ್ನಿನ ಮುದುಕರ ಹಾಗಿದ್ದವು, ಕೆಲವು ಕೊಂಬೆ ನೀರಿಗೇ ಬಾಗಿದ್ದವು. ಗುಬ್ಬಿ ಕಲಿಸಿದಳು: ಗೊಂಚಲನ್ನು ಅಂಗೈ ಮೇಲೆ ತಗೋ, ಎಳೀಬೇಡ, ಉಗುರಲ್ಲಿ ಚಿವುಟು. ಲೈನಮ್ಮ ನೋಡಿ ಹೇಳುವುದು, ಗುಬ್ಬಿ ಬಿಡಿಸುವುದು. ನೋಡಿ ಹೇಳುವವಳು ತಡಬಡಾಯಿಸಿದಳೇ ಹೊರತು ಆ ಬೆರಳುಗಳು ಒಮ್ಮೆಯೂ ತಡವರಿಸಲಿಲ್ಲ.

"ಎಡಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ. ಹಾಂ. ಹಲೋ, ಯಜಮಾನರು ಲೈನಲ್ಲಿದಾರೆ, ಹಿಡ್ಕೊಳ್ಳಿ."

ಗುಬ್ಬಿ ಕಿಸಕ್ಕೆಂದು ನಕ್ಕಳು. ಮುಂದಿನ ಗೊಂಚಲಿಗೂ ಅದೇ ಹೇಳಿದಾಗ ನಗಲಿಲ್ಲ.

"ಹೇಳಿಬಿಟ್ಯಲ್ಲೇ ಅಕ್ಕ," ಎಂದಳು. "ಎಲ್ಲರ ಮುಂದೆ."

"ಹೇಳಿಬಿಟ್ಟೆ."

"ಡಾಕ್ಟರು ಏನಂತಾರೋ. ಹೋದ ಕಣ್ಣು ಬರುತ್ತಾ?"

ಬರುತ್ತದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಲೈನಮ್ಮ ಅದನ್ನು ನುಂಗಿಕೊಂಡಳು. "ಗೊತ್ತಿಲ್ಲ ಕಣೇ," ಎಂದಳು. "ಹೋಗಿ ಕೇಳೋಣ."

ಸ್ವಲ್ಪ ಹೊತ್ತಿನಲ್ಲಿ ಮೈದುನ ಒಂದು ಏಣಿ ಹೊತ್ತು ತಂದು, ಅವರ ಮರಕ್ಕೆ ಆನಿಸಿ, ಅಲುಗಾಡುತ್ತದೆಯೇ ಎಂದು ಕಾಲಿಟ್ಟು ನೋಡಿ ಹೋದ. ಲೈನಮ್ಮ ಅವನ ಬೆನ್ನನ್ನೇ ನೋಡುತ್ತ ನಿಂತಳು. ಬೆನ್ನು ತಿರುಗಲಿಲ್ಲ.

ಬಿಸಿಲು ಇಳಿದು ನೀರಿನ ಮೇಲೆ ಗಾಳಿ ಎದ್ದಾಗ ಇಬ್ಬರೂ ಕೆಲಸ ನಿಲ್ಲಿಸಿದರು. ಮೊದಲ ಮರದ ಹತ್ತಿರ ಬಂದಾಗ ಗುಬ್ಬಿಯ ಕೈ ತಾನಾಗಿ ಹಗ್ಗವನ್ನು ಹುಡುಕಿ ಹಿಡಿಯಿತು. ಅಂಗೈಯನ್ನು ಅದರ ಮೇಲೆ ಜಾರಿಸುತ್ತ, ಕಾಲುವೆಯ ಕಲ್ಲು ಬಂದಲ್ಲಿ ನಿಂತು, ಹೆಜ್ಜೆ ಎತ್ತಿಟ್ಟು, ಅಕ್ಕನಿಗಿಂತ ಮುಂದೆ ಮುಂದೆ ನಡೆದಳು.

"ನೋಡೇ ಇವಳ ಬುದ್ಧಿ," ಎಂದಳು ತಿರುಗದೆ. "ಬಟ್ಟೆ ಹಗ್ಗ ಎಲ್ಲಾದ್ರೂ ಇಷ್ಟು ಕೆಳಗೆ ಕಟ್ತಾರಾ? ಒಂದು ಟವಲು ಹಾಕಿದ್ರೂ ನೆಲ ಗುಡಿಸುತ್ತೆ. ಹೇಳಿದ್ರೆ ಬೇಜಾರು ಮಾಡ್ಕೋತಾಳೆ ಅಂತ ಸುಮ್ನಿದೀನಿ."

ಹಿಂದೆ ಬರುತ್ತಿದ್ದ ಲೈನಮ್ಮ ತಂಗಿಯ ಕೈಯನ್ನು ನೋಡಿದಳು. ಹಗ್ಗದ ಆ ತುದಿಯಲ್ಲಿ, ದೀಪ ಹಚ್ಚಿದ ಅಡುಗೆಮನೆಯ ಕಿಟಕಿಯಲ್ಲಿ, ಓರಗಿತ್ತಿ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದಳು.

"ಹೂಂ ಕಣೇ," ಎಂದಳು ಲೈನಮ್ಮ. "ಸ್ವಲ್ಪ ಕೆಳಗಾಯ್ತು."